ಗೋಡೆ ಬೇಡ, ಗೆರೆ ಇರಲಿ

ಕೆಲಸ ಬಿಟ್ಟ ಮೇಲೆ ನನಗೆ ಮಧ್ಯಾಹ್ನದ ನಿದ್ದೆ ಅಂಟಿಕೊಂಡಿದೆ. ಊಟ ಮುಗಿಸಿ ಕಟ್ಟೆಯ ಮೇಲೆ ಚಾಪೆ ಹಾಸಿ ಅಡ್ಡಾದರೆ ಸಾಕು, ನಾನು ಕಟ್ಟಿದ ಮನೆಗಳು ಒಂದೊಂದಾಗಿ ಬರುತ್ತವೆ. ಬರುವುದಾದರೂ ಸರಿಯಾಗಿ ಬರುತ್ತವೆಯೇ? ವಿದ್ಯಾಗಿರಿಯ ಮನೆಯ ಬಾಗಿಲು ತೆಗೆದು ಒಳಗೆ ಹೋದರೆ ಕೇಶ್ವಾಪುರದ ಮನೆಯ ಅಡುಗೆಮನೆ ಸಿಗುತ್ತದೆ. ಅಲ್ಲಿಯ ಮೆಟ್ಟಿಲು ಹತ್ತಿದರೆ ಉಪ್ಪಿನಬೆಟಗೇರಿಯ ನಮ್ಮಪ್ಪನ ಮನೆಯ ಮಣ್ಣಿನ ಮಾಳಿಗೆಗೆ ಹೋಗಿ ನಿಲ್ಲುತ್ತೇನೆ. ಅಲ್ಲಿ ಜೋಳ ಹರವಿರುತ್ತದೆ, ಅವ್ವ ಕಾಲಿನಿಂದ ಅದನ್ನು ಕೆದರುತ್ತಿರುತ್ತಾಳೆ. ಎಚ್ಚರಾದಾಗ ಅಂಗೈಯಲ್ಲಿ ಕರಣೆ ಹಿಡಿದ ಭಾರ ಇನ್ನೂ ಇರುತ್ತದೆ.

ನನ್ನ ಹೆಂಡತಿ ನಗುತ್ತಾಳೆ. "ಮಂದಿಗೆ ಅಷ್ಟ ಮನಿ ಕಟ್ಟಿ ಕೊಟ್ರಿ. ಕನಸಿನ್ಯಾಗರ ಒಂದ ಮನ್ಯಾಗ ಸುಮ್ಮನ ಕುಂದರ್ರಿ."

ನಮ್ಮ ಓಣಿಯ ಹುಡುಗರು ಈಗ ಗೌಂಡಿ ಕೆಲಸಕ್ಕೆ, ಟೈಲ್ಸ್ ಕೆಲಸಕ್ಕೆ ಹೋಗುತ್ತಾರೆ. ಒಬ್ಬಿಬ್ಬರು ಇಂಜಿನಿಯರ್ ಆಗಿದ್ದಾರೆ. ಸಂಜೆ ಕಟ್ಟೆಗೆ ಬಂದು ಕುಳಿತು ಕೇಳುತ್ತಾರೆ: "ಕಾಕಾ, ಈಗಿನ ಮಂದಿಗೆ ಎಂಥಾ ಮನಿ ಬೇಕ್ರಿ?" ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು, ಅಕ್ಷರ ದುಂಡಗಿಲ್ಲ. ಆದರೆ ಈ ಮಡಿವಾಳಪ್ಪ ಗೌಂಡಿ ಕಟ್ಟಿದ ಗೋಡೆಗೆ ಯಾವ ಸಾಹೇಬರೇ ಓಳಂಬದ ಗುಂಡು ಇಳಿಬಿಟ್ಟು ನೋಡಲಿ, ದಾರ ಸುತ್ತಿಕೊಂಡು ಸುಮ್ಮನೆ ಹೋಗಬೇಕು. ಹಾಗೇ ಹೋಗಿದ್ದಾರೆ ಕೂಡ. ಅದನ್ನು ಹೇಳಿಕೊಳ್ಳಲು ನನಗೆ ಯಾವ ನಾಚಿಕೆಯೂ ಇಲ್ಲ.

ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ಮನೆಯ ವಿಷಯ. ಕಣ್ಣು ಕಾಣದ, ಹಾಡು ಕಲಿಸುವ ಬಾಯಿಯವರೊಬ್ಬರು ಆ ಮನೆಗೆ ಬರುತ್ತಾರೋ, ಧಾರವಾಡವನ್ನೇ ಬಿಟ್ಟು ಹೋಗುತ್ತಾರೋ ಅನ್ನುವುದು ನಾನು ಹಾಕಿದ ಒಂದು ಸುಣ್ಣದ ಗೆರೆಯ ಮೇಲೆ ನಿಂತಿತ್ತು. ಅಲ್ಲಿಗೆ ಹೋಗುವ ಮೊದಲು ಆ ಗೆರೆಯ ಪದ್ಧತಿ ಎಲ್ಲಿಂದ ಬಂತು ಅನ್ನುವುದನ್ನು ಹೇಳುತ್ತೇನೆ.

ನನಗೆ ಕೆಲಸ ಕಲಿಸಿದವರು ಸೋದರಮಾವ ಫಕೀರಪ್ಪ. ಸಿಟ್ಟಿನ ಮನುಷ್ಯ. ಗೋಡೆ ಒಂದು ಎಳೆ ವಾಲಿದರೂ ಒದ್ದು ಬೀಳಿಸುತ್ತಿದ್ದರು, ಆಮೇಲೆ ಚಹಾ ತರಿಸಿ ಕುಡಿಸುತ್ತಿದ್ದರು. ಪಾಯ ತೆಗೆಯುವ ಮೊದಲು ಜಾಗದ ಮೇಲೆ ಸುಣ್ಣದ ಪುಡಿಯಿಂದ ಮನೆಯ ಗೆರೆ ಹಾಕುವುದು ಎಲ್ಲ ಗೌಂಡಿಗಳೂ ಮಾಡುವ ಕೆಲಸ. ಗೆರೆ ಹಾಕಿದರು, ಮರುದಿನ ಅಗೆದರು. ಮಾವನದು ಹಾಗಲ್ಲ. ಗೆರೆ ಹಾಕಿದ ದಿನ ಸಂಜೆ ಮನೆಯವರನ್ನೆಲ್ಲ ಕರೆಸಿ, ಆ ಗೆರೆಯ ಮನೆಯಲ್ಲಿ ಒಂದು ಹೊತ್ತು ಸಂಸಾರ ಮಾಡಿಸುತ್ತಿದ್ದರು. ಪಡಸಾಲೆಯಲ್ಲಿ ಚಾಪೆ ಹಾಸಬೇಕು. ಅಡುಗೆಮನೆಯಲ್ಲಿ ಥರ್ಮಾಸಿನ ಚಹಾ ಸುರುವಬೇಕು. ಮಲಗುವ ಖೋಲಿಯಲ್ಲಿ ಯಜಮಾನ ಕಾಲು ಚಾಚಿ ಮಲಗಬೇಕು. ಬಾಗಿಲಿಗೆಂದು ಬಿಟ್ಟ ಜಾಗದಿಂದಲೇ ಒಳಗೆ ಹೊರಗೆ ಅಡ್ಡಾಡಬೇಕು. ಯಾರಾದರೂ ಮರೆತು ಗೆರೆ ದಾಟಿದರೆ ಮಾವ ಗುಡುಗುತ್ತಿದ್ದರು: "ಗ್ವಾಡಿ ಹಾಯ್ದ ಬಂದ್ಯಲ್ಲೋ! ಮನಷ್ಯಾನೋ ದೆವ್ವೋ?"

ಮೊದಮೊದಲು ಎಲ್ಲರೂ ನಗುವವರೇ. ಸ್ವಲ್ಪ ಹೊತ್ತಾದ ಮೇಲೆ ಏನೋ ಆಗುತ್ತಿತ್ತು. ಮನೆಯಾಕೆ ಬಯಲಿನಲ್ಲಿ ನಿಂತು, ಕೈ ಮೇಲೆತ್ತಿ, ಇಲ್ಲದ ಕಪಾಟಿನಿಂದ ಇಲ್ಲದ ಡಬ್ಬಿ ತೆಗೆಯುತ್ತಿದ್ದಳು. ಮಕ್ಕಳು ಇಲ್ಲದ ಕಿಟಕಿಯಿಂದ ಹಣಿಕಿ ಹಾಕುತ್ತಿದ್ದರು. ಸಂಜೆಯ ಬಿಸಿಲು ಇಳಿಯುವ ಹೊತ್ತಿಗೆ ನನ್ನ ಕಣ್ಣಿಗೂ ಗೋಡೆಗಳು ಕಾಣತೊಡಗುತ್ತಿದ್ದವು, ಗಾಳಿಯಲ್ಲಿ ಬಿಳಿಯ ಪರದೆ ಇಳಿಬಿಟ್ಟಂತೆ.

ಒಮ್ಮೆ ಮುಗದದಲ್ಲಿ ಹೊಸದಾಗಿ ಬಂದ ಸೊಸೆಯೊಬ್ಬಳು ಹೀಗೆ ಗೆರೆಯ ಖೋಲಿಯಲ್ಲಿ ನಿಂತಿದ್ದಳು. ಪಡಸಾಲೆಯಲ್ಲಿ ಕುಳಿತ ಹಿರಿಯರ ಕಡೆ ಬೆನ್ನು ಮಾಡಿ ಮತ್ತೆ ಮತ್ತೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಬಾಯಿ ಬಿಟ್ಟು ಏನೂ ಹೇಳಲಿಲ್ಲ. ನನ್ನ ಮಾವ ಎದ್ದು ಹೋಗಿ, ಪಡಸಾಲೆಗೆ ಎದುರಾಗಿದ್ದ ಬಾಗಿಲಿನ ಜಾಗವನ್ನು ಕಾಲಿನಿಂದ ಮುಚ್ಚಿ, ಪಕ್ಕದ ಗೆರೆ ಒರಸಿ, ಅಲ್ಲಿ ಬಾಗಿಲು ಬಿಟ್ಟರು. ಆ ಹುಡುಗಿ ಸೆರಗು ಮುಟ್ಟುವುದನ್ನು ಬಿಟ್ಟಳು, ಅಷ್ಟೇ. ಅಂದು ಕಲಿತದ್ದನ್ನು ನಾನು ಕೊನೆಯ ಮನೆಯವರೆಗೂ ಬಿಡಲಿಲ್ಲ.

ಇನ್ನು ಮಂದಿಯ ಆಸೆಯ ಮಾತು. ನಾನು ಕರಣೆ ಹಿಡಿದಾಗ ಮನೆಯೆಂದರೆ ಪಡಸಾಲೆ, ನಡುಮನೆ, ದೇವರ ಖೋಲಿ, ಹಿತ್ತಲು, ಮೇಲೆ ಹಂಚು. ಆಮೇಲೆ ಸ್ಲ್ಯಾಬ್ ಬಂತು. ಸೂರ್ಯ ಹುಟ್ಟುವ ಚಿತ್ರದ ಗ್ರಿಲ್ ಬಂತು. ಒಂದು ಓಣಿಯಲ್ಲಿ ಎಲ್ಲ ಕಿಟಕಿಗಳಲ್ಲೂ ಸೂರ್ಯ ಹುಟ್ಟುತ್ತಿದ್ದ. ಆಮೇಲೆ ಅರಮನೆಯ ಕಂಬ ಬಂತು, ಸ್ಕೂಟರ್ ನಿಲ್ಲಿಸುವ ಜಾಗಕ್ಕೂ ಕಂಬ. ಆಮೇಲೆ ಫೋನು ಬಂತು. ಈಗ ಮನೆ ಕಟ್ಟಿಸುವವರು ನಕಾಶೆ ಹಿಡಿದು ಬರುವುದಿಲ್ಲ, ಫೋನು ಹಿಡಿದು ಬರುತ್ತಾರೆ. ಅದರಲ್ಲಿ ಯಾವುದೋ ಹಿಮ ಬೀಳುವ ಊರಿನ ಮನೆಯ ಫೋಟೋ ಇರುತ್ತದೆ.

ನವನಗರದಲ್ಲಿ ಒಬ್ಬ ಅರಿವೆ ಅಂಗಡಿಯವರು ಅಂಥದೇ ಫೋಟೋ ನೋಡಿ ಪಡುವಣ ಗೋಡೆಯನ್ನೆಲ್ಲ ಗಾಜಿನದೇ ಮಾಡಿಸಿದರು. ನಾನು ಬೇಡವೆಂದೆ, ಇಂಜಿನಿಯರ್ ಬೇಡವೆಂದರು. ಬೇಸಿಗೆ ಬಂತು. ಮಧ್ಯಾಹ್ನ ಊಟಕ್ಕೆ ಕೂತರೆ ಅನ್ನ ಮತ್ತೊಮ್ಮೆ ಬೇಯುವಂಥ ಬಿಸಿಲು. ಅವರು ತಮ್ಮ ಅಂಗಡಿಯ ಬಟ್ಟೆಯ ತಾನುಗಳನ್ನೇ ತಂದು ಮೇಲಿನಿಂದ ಕೆಳಗೆ ಇಳಿಬಿಟ್ಟರು. ಕೆಂಪು, ಹಳದಿ, ಹಸಿರು. ನಾನು ಹೋದಾಗ ಅವರ ಹೆಂಡತಿ ಚಹಾ ಕೊಡುತ್ತ ಅಂದರು: "ನೋಡ್ರಿ ಮೇಸ್ತ್ರಿ, ಮನಿ ಕಟ್ಟಿಸ್ಯಾರೋ ಅಂಗಡಿದು ಇನ್ನೊಂದು ಬ್ರಾಂಚ್ ತಗದಾರೋ ತಿಳೀವಲ್ದು. ನಿನ್ನಿ ಒಬ್ಬಾಕಿ ಬಂದು ಬ್ಲೌಸ್ ಪೀಸ್ ಕೇಳಿ ಹೋದ್ಳು."

ಕೆಲವು ಆಸೆಗಳು ತಿರುಗಿ ಬರುತ್ತವೆ. ಹಳೆಯ ಮನೆಗಳ ಗೋಡೆಯಲ್ಲಿ ಮಾಡಗಳು ಇರುತ್ತಿದ್ದವಲ್ಲ, ದೀಪ, ಕುಂಕುಮದ ಭರಣಿ, ಬೀಗದ ಕೈ ಎಲ್ಲ ಇಡುವ ಗೂಡು. ಒಬ್ಬ ಯಜಮಾನರು ನನ್ನಿಂದಲೇ ಆ ಮಾಡಗಳನ್ನು ಇಟ್ಟಿಗೆಯಿಟ್ಟು ಮುಚ್ಚಿಸಿ ಗೋಡೆ ನುಣ್ಣಗೆ ಮಾಡಿಸಿದರು. ಮುಂದೆ ಅವರ ಮಗ ನನ್ನನ್ನೇ ಕರೆಸಿ, ಅದೇ ಗೋಡೆಯಲ್ಲಿ ಮಾಡ ಕೆತ್ತಿಸಿದ. ಈಗ ಅದಕ್ಕೆ ಇಂಗ್ಲಿಷ್ ಹೆಸರು ಬಂದಿದೆ. ಒಳಗೆ ಕಾಣದಂತೆ ಲೈಟು ಕೂರಿಸುತ್ತಾರೆ, ಏನೂ ಇಡುವುದಿಲ್ಲ. ಖಾಲಿ ಗೂಡಿನಲ್ಲಿ ಬರೇ ಬೆಳಕು. ನನಗೆ ಅದು ಸೇರುತ್ತದೆ, ಸುಳ್ಳು ಯಾಕೆ ಹೇಳಲಿ. ಇಟ್ಟಿಗೆಗೆ ಗಿಲಾವ್ ಮಾಡದೆ ಹಾಗೇ ಬಿಡುವುದು ಈಗ ಶೋಕಿ. ಕೆಂಪು ಕಾವಿಯ ನೆಲ ಮತ್ತೆ ಬಂದಿದೆ. ಪಡಸಾಲೆಯ ತೂಗುಮಣೆ ಮತ್ತೆ ಬಂದಿದೆ. ಅಡುಗೆಮನೆಗೂ ಪಡಸಾಲೆಗೂ ನಡುವೆ ಗೋಡೆ ಬೇಡವೆನ್ನುವುದೊಂದು, ಬಾಗಿಲಷ್ಟು ದೊಡ್ಡ ಟೈಲ್ಸ್ ಜೋಡಣೆ ಕಾಣದಂತೆ ಹಾಕಬೇಕೆನ್ನುವುದೊಂದು, ಇವೆರಡು ಮಾತ್ರ ಪೂರಾ ಹೊಸವು.

ಆ ಟೈಲ್ಸಿನದೊಂದು ಕಥೆ. ಲಕಮನಹಳ್ಳಿಯ ಹತ್ತಿರ ಒಂದು ಮನೆ. ನೆಲ ಎಂದರೆ ತಿಳಿನೀರಿನ ಕೆರೆ, ಮುಖ ನೋಡಿ ಹಣೆಗೆ ಕುಂಕುಮ ಹಚ್ಚಿಕೊಳ್ಳಬಹುದು. ಗೃಹಪ್ರವೇಶದ ದಿನ ಪದ್ಧತಿಯಂತೆ ಮೊದಲು ಆಕಳನ್ನು ಒಳಗೆ ಕರೆತಂದರು. ಆಕಳು ಹೊಸ್ತಿಲ ಮೇಲೆ ಮುಂಗಾಲಿಟ್ಟಿತು, ಕೆಳಗೆ ನೋಡಿತು. ಕೆಳಗಿನಿಂದ ಇನ್ನೊಂದು ಆಕಳು ತನ್ನನ್ನೇ ನೋಡುತ್ತಿದೆ. ಕಾಲು ಹಿಂದೆ ತೆಗೆದುಕೊಂಡಿತು.

"ಎಳೀರಿ, ಮುಹೂರ್ತ ಹೊಂಟತಿ," ಅಂದರು ಯಜಮಾನರು.

ಆಕಳನ್ನು ತಂದ ಮುದುಕ ಹಗ್ಗ ಸಡಿಲಿಸಿದ. "ಎಳದ್ರ ಬರಾಂಗಿಲ್ರಿ. ಇದು ಹೊಂಡ ಅಂತ ತಿಳದೈತಿ. ಒಳಗ ಬಿದ್ದ ಇನ್ನೊಂದು ಆಕಳ ಬ್ಯಾರೆ ಕಾಣಾಕತ್ತೈತಿ."

ಬೆಲ್ಲ ತೋರಿಸಿದರು, ಬಾಳೆಹಣ್ಣು ತೋರಿಸಿದರು, ಹಿಂದಿನಿಂದ ನೂಕಿದರು. ಕೊನೆಗೆ ಓಣಿಯ ಮನೆಮನೆಗೆ ಓಡಿ ಗೋಣಿಚೀಲ ತಂದು ಬಾಗಿಲಿನಿಂದ ದೇವರ ಖೋಲಿಯವರೆಗೆ ಹಾಸಿದೆವು. ಆಕಳು ಗೋಣಿಚೀಲವನ್ನು ಮೂಸಿ ನೋಡಿ, ಅದರ ಮೇಲೊಂದೊಂದೇ ಹೆಜ್ಜೆ ಇಡುತ್ತ, ಮದುಮಗಳ ಹಾಗೆ ಗಂಭೀರವಾಗಿ ಒಳಗೆ ಹೋಯಿತು. ಫೋಟೋಗಳಲ್ಲೆಲ್ಲ ಬರೇ ಗೋಣಿಚೀಲ. ನಾನು ಅಂದು ನಕ್ಕಷ್ಟು ಜನ್ಮದಲ್ಲಿ ನಕ್ಕಿಲ್ಲ. ಆ ನೆಲ, ಅದರ ಮೇಲೆ ಆ ಒರಟು ದಾರಿ, ಇವು ಮಾತ್ರ ಕಣ್ಣಲ್ಲಿ ಉಳಿದವು.

ಈಗ ಮೊದಲು ಹೇಳಿದ ಆ ಮನೆ, ನಾನು ಕಟ್ಟಿದ ಕೊನೆಯ ಮನೆ.

ಗಿರೀಶ ಲಕಮನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದವರು. ಅವರ ಹೆಂಡತಿ ವಿದ್ಯಾ ಕಾಲೇಜಿನಲ್ಲಿ ಪಾಠ ಹೇಳುವವರು. ಅವರ ಜೊತೆಗಿದ್ದವರು ಗಿರೀಶರ ಸೋದರತ್ತೆ ಸಿಂಧೂಬಾಯಿ. ಮನೆಯಲ್ಲೇ ಮಕ್ಕಳಿಗೆ ಹಾಡು ಕಲಿಸುತ್ತಿದ್ದರು. ನಡುವಯಸ್ಸಿನಲ್ಲಿ ಸಂಜೆ ಕವಿದಂತೆ ನಿಧಾನವಾಗಿ ಕಣ್ಣು ಹೋಗಿತ್ತು. ಮೂವರೂ ಮಾಳಮಡ್ಡಿಯ ಹಳೆಯ ಬಾಡಿಗೆಮನೆಯಲ್ಲಿದ್ದರು. ನಾನು ಮೊದಲ ಸಲ ಅಲ್ಲಿಗೆ ಹೋದಾಗ ಗೋಡೆಯ ಮೇಲೆ ಸೊಂಟದೆತ್ತರದಲ್ಲಿ ಒಂದು ಕಪ್ಪು ಪಟ್ಟಿ ಕಂಡೆ. ಬಾಗಿಲಿನಿಂದ ಹೊರಟು, ನಡುಮನೆ ಸುತ್ತಿ, ಅಡುಗೆಮನೆಗೆ ಹೋಗಿ, ಹಿತ್ತಲಿನವರೆಗೆ. ಬಣ್ಣ ಅಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ಬಣ್ಣವಲ್ಲ, ಸಿಂಧೂಬಾಯಿಯವರ ಬೆರಳುಗಳು ಸವೆಸಿದ್ದು. ಅಷ್ಟು ವರ್ಷ ಆ ಗೋಡೆಯನ್ನು ಮುಟ್ಟುತ್ತ ಅವರು ಒಬ್ಬರೇ ಓಡಾಡಿದ್ದರು. ಆ ಗಚ್ಚು ಕನ್ನಡಿಯಂತೆ ಮಿರುಗುತ್ತಿತ್ತು. ಯಾವ ಗೌಂಡಿಯಿಂದಲೂ ಅಂಥ ನುಣುಪು ಆಗುವುದಿಲ್ಲ.

ಮಾಲಕರು ಮನೆ ಬಿಡಿಸಿಕೊಳ್ಳುವವರಿದ್ದರು. ಗಿರೀಶ ಸತ್ತೂರಿನ ಆಚೆ ಹೊಸ ಬಡಾವಣೆಯಲ್ಲಿ ಜಾಗ ಹಿಡಿದಿದ್ದರು. ನಕಾಶೆ ತೆಗೆದವಳು ಶ್ವೇತಾ, ಚುರುಕಾದ ಹುಡುಗಿ, ನನ್ನನ್ನು ಕಾಕಾ ಎನ್ನುವವಳು. ನಕಾಶೆಯಲ್ಲಿ ಬಾಗಿಲಿನಿಂದ ಅಡುಗೆಮನೆಯವರೆಗೆ ಒಂದೇ ಬಯಲು. ನಡುವೆ ಗೋಡೆಯಿಲ್ಲ, ಕಂಬವಿಲ್ಲ. ಮೇಲೆ ಎರಡಾಳೆತ್ತರದ ಸೂರು, ಕೆಳಗೆ ಹೊಳೆಯುವ ಟೈಲ್ಸು.

ಸಿಂಧೂಬಾಯಿ ಅದನ್ನೆಲ್ಲ ಕೇಳಿಸಿಕೊಂಡು ಹಾರ್ಮೋನಿಯಂ ಮುಚ್ಚಿದರು. "ನೋಡಪಾ ಗಿರೀಶ. ಬೆಳಗಿನಿಂದ ಸಂಜಿತನಕ ನೀವಿಬ್ರೂ ಮನ್ಯಾಗ ಇರಂಗಿಲ್ಲ. ಬಾಗಿಲಿಂದ ಅಡಗಿಮನಿತನಕ ನಾ ಒಬ್ಬಾಕಿನೇ ಹೋಗ್ಲಿಕ್ಕೆ ಬಂತಂದ್ರ ಬರ್ತೇನಿ. ಬರ್ಲಿಲ್ಲಂದ್ರ ನರಗುಂದಕ್ಕ ತಂಗಿ ಮನಿಗೆ ಹೋಗ್ತೇನಿ. ಯಾರೋ ಬಂದು ಕೈ ಹಿಡದು ಎಬ್ಬಸೂತನಕ ಕುರ್ಚಿಮ್ಯಾಲೆ ಕೂಡಾಕಿ ಅಲ್ಲ ನಾ."

ನರಗುಂದಕ್ಕೆ ಹೋದರೆ ಹಾಡಿನ ಮಕ್ಕಳು ತಪ್ಪಿ ಹೋಗುತ್ತಾರೆ. ಅದನ್ನು ಅವರೂ ಬಲ್ಲರು, ಎಲ್ಲರೂ ಬಲ್ಲರು.

ನಾನು ನೇರ ಮಾತಿನವನು. "ಅಲ್ಲರಿ ಅಕ್ಕಾರ," ಅಂದೆ ವಿದ್ಯಾ ಅವರಿಗೆ, "ನಡಕ ಒಂದು ಗ್ವಾಡಿ ಎಬ್ಬಸೂಣು. ಬಾಯಾರ ಗ್ವಾಡಿ ಹಿಡಕೊಂಡು ಹೋಕ್ಕಾರ. ಮುಗದ ಹೋತು."

ವಿದ್ಯಾ ತಲೆ ತಗ್ಗಿಸಿಕೊಂಡೇ ಹೇಳಿದರು: "ಮೇಸ್ತ್ರಿ, ನಾ ಮದವಿಯಾಗಿ ಬಂದಾಗಿಂದ ಹಿಂದಿನ ಕತ್ತಲಿ ಅಡಗಿಮನ್ಯಾಗ ನಿಂತೇನಿ. ಹೊರಗ ಮಂದಿ ಹಾಡೂದು ಕೇಳೇನಿ, ನಗೂದು ಕೇಳೇನಿ. ಅತ್ಯಾ ಹಾಡೂ ಮುಂದ ಅವರ ಮಾರಿ ಹೆಂಗ ಕಾಣ್ತದ ಅಂತ ನನಗ ಗೊತ್ತಿಲ್ಲ. ರೊಟ್ಟಿ ಬಡಕೋತ ಅದನ್ನ ನೋಡ್ಬೇಕಂತ ಒಂದೇ ಆಶಾ."

ಶ್ವೇತಾ ನಡುವೆ ಬಾಯಿ ಹಾಕಿ, ಗೋಡೆಯ ಬದಲು ಒಂದು ಸ್ಟೀಲಿನ ಕಟಾಂಜನ ಹಾಕೋಣ, ಹಿಡಿದುಕೊಂಡು ಹೋಗಬಹುದು ಅಂದಳು.

"ಏನವಾ, ಮನಿ ಕಟ್ಟಿಸ್ಲಿಕತ್ತೀರೋ ದವಾಖಾನಿನೋ?" ಅಂದರು ಸಿಂಧೂಬಾಯಿ.

ಗೆರೆ ಹಾಕುವ ದಿನ ಬಂತು. ಬಾಯಿಯವರನ್ನು ಕರೆಸುವುದೋ ಬೇಡವೋ ಎಂದು ಗಿರೀಶ ಅನುಮಾನಿಸಿದರು. ಕಾಣದವರಿಗೆ ಗೆರೆಯ ಮನೆ ಏನು ತೋರಿಸೀತು? ಆದರೆ ಮನೆಯವರೆಲ್ಲ ಬರಬೇಕು ಅನ್ನುವುದು ಮಾವನ ಕಟ್ಟಳೆ. ಬಂದರು. ಶ್ವೇತಾಳೂ ಬಂದಿದ್ದಳು. ನೆಲಕ್ಕೆ ನೀರು ಹೊಡೆದು ಬಡಿದು ಗಟ್ಟಿ ಮಾಡಿದ್ದೆ, ಅದರ ಮೇಲೆ ಸುಣ್ಣ ದಪ್ಪಗೆ ಬಿದ್ದಿತ್ತು. ದೂರದಲ್ಲಿ ಯಾರದೋ ಹೊಲಕ್ಕೆ ಬೆಳ್ಳಕ್ಕಿ ಇಳಿಯುತ್ತಿದ್ದವು. ಸಿಂಧೂಬಾಯಿ ಬಾಗಿಲಿನ ಜಾಗದಲ್ಲಿ ನಿಂತು, ಮನೆಯೊಳಗೆ ಹೋಗುವವರು ಮಾಡುವಂತೆ ಚಪ್ಪಲಿ ಬಿಟ್ಟರು. ಕಾಲು ಮುಂದಿಟ್ಟರು. ನಿಂತರು.

"ಇಲ್ಲೆ ಏನೋ ಅದ," ಅಂದರು. ಹೆಬ್ಬೆರಳಿನಿಂದ ಸವರಿದರು. "ಹಿಟ್ಟಿನಂಗ ಅದ."

ಗಿರೀಶ ಹಿಡಿದ ಕೈಯನ್ನು ಬಿಡಿಸಿಕೊಂಡು ಅವರು ಗೆರೆಯ ಮೇಲೇ ಹೊರಟರು. ಒಂದು ಪಾದದ ಮುಂದೆ ಇನ್ನೊಂದು ಪಾದ, ಗೋಡೆಯ ಮೇಲೆ ನಡೆಯುವ ಬೆಕ್ಕಿನ ಹಾಗೆ. ರೂಢಿ ಬಲದಿಂದ ನನ್ನ ಬಾಯಿಂದ ಬಂದೇಬಿಟ್ಟಿತು: "ಬಾಯಾರ, ಗ್ವಾಡಿ ಮ್ಯಾಲ ಹೊಂಟೀರಿ!"

"ಹೊಂಟೇನಿ. ನೆಲದ ಮ್ಯಾಲೆ ಬೀಳಾಕಿ ಗೋಡಿ ಮ್ಯಾಲೆ ಬೀಳ್ಲಿಕತ್ತಿಲ್ಲ ನೋಡ್ರಿ."

ತಮ್ಮ ಖೋಲಿಯ ಮೂಲೆ ತಿರುಗಿದರು, ದೇವರ ಖೋಲಿ ಸುತ್ತಿದರು. ಆಮೇಲೆ ಗೆರೆ ಮುಗಿಯುವ ಕಡೆ ಬಂದರು. ಮುಂದೆ ಆ ದೊಡ್ಡ ಬಯಲು ಪಡಸಾಲೆ, ಅದರಾಚೆ ಅಡುಗೆಮನೆ. ಅಲ್ಲಿ ವಿದ್ಯಾ ಚಹಾದ ಲೋಟ ಹಿಡಿದು ನಿಂತಿದ್ದರು. ಬಾಯಿಯವರ ಹೆಬ್ಬೆರಳು ಮುಂದೆ ಚಾಚಿತು, ಎಡಕ್ಕೆ ಹುಡುಕಿತು, ಬಲಕ್ಕೆ ಹುಡುಕಿತು. ಏನೂ ಸಿಗಲಿಲ್ಲ. ಅವರು ಒಂದು ಕಾಲೆತ್ತಿ ನಿಂತುಬಿಟ್ಟರು.

ನನ್ನ ಮಾತೇ ಗೆದ್ದಿತು ಅಂದುಕೊಂಡೆ. ಸುಣ್ಣದ ಡಬ್ಬಿ ಎತ್ತಿಕೊಂಡು, ಅವರ ಕಾಲ ಮುಂದಿನಿಂದ ಅಡುಗೆಮನೆಯ ಕಡೆಗೆ ಪುಡಿ ಉದುರಿಸುತ್ತ ಹೋದೆ.

"ಮೇಸ್ತ್ರಿ, ಅದೇನು ಉದುರಿಸ್ಲಿಕತ್ತೀರಿ?"

"ಗ್ವಾಡಿ ಹಾಕಾಕತ್ತೇನ್ರಿ ಬಾಯಾರ."

ವಿದ್ಯಾ ಮುಖ ಆ ಕಡೆ ತಿರುಗಿಸಿದರು. ಸಿಂಧೂಬಾಯಿ ನಾನು ಹಾಕಿದ ಗೆರೆಯ ಮೇಲೆ ಕಾಲಿಟ್ಟು ಬಂದರು, ಬಯಲಿನ ನಟ್ಟನಡುವೆ, ಎರಡೂ ಕೈ ಇಳಿಬಿಟ್ಟುಕೊಂಡು. ಕೊನೆ ಮುಟ್ಟಿದಾಗ ಅವರ ಕೈ ವಿದ್ಯಾರ ಭುಜಕ್ಕೆ ತಾಗಿತು.

"ಯಾರು, ವಿದ್ಯಾ? ಅಳ್ಲಿಕತ್ತೀಯೇನು?"

"ಇಲ್ಲ ಅತ್ಯಾ. ಸುಣ್ಣ ಕಣ್ಣಾಗ ಹೋತು."

ಬಾಯಿಯವರು ವಿದ್ಯಾರ ಭುಜ ಸವರಿದರು. ಆಮೇಲೆ ನನ್ನ ಕಡೆ ಮುಖ ಮಾಡಿ ಹೇಳಿದರು: "ಮೇಸ್ತ್ರಿ, ಗೋಡಿ ಬ್ಯಾಡ. ಗೆರಿ ಇರ್ಲಿ."

"ಗೆರಿ ಮ್ಯಾಲ ಗ್ವಾಡಿ ಬರ್ತೈತ್ರಿ. ಗೆರಿ ಹಾಕೂದ ಅದಕ್ಕ."

"ಬರೂದು ಬ್ಯಾಡಂತೇನಿ. ಗೆರಿ ಗೆರಿಯಾಗೇ ಇರ್ಲಿ. ಕಣ್ಣು ಹೋದಾಗಿಂದ ಗೋಡಿ ಮಗ್ಗಲಾಗ ಹರಕೋತ ಅಡ್ಡಾಡೇನಿ, ಇಲಿ ಅಡ್ಡಾಡಿದಂಗ. ಈಗ ನಡು ಮನ್ಯಾಗ ಕೈ ಬಿಟ್ಟು ಬಂದ್ನೆಲ್ಲಾ, ಎಷ್ಟು ಅಗಲ ಅನಸ್ತು ನಿಮಗೇನು ಗೊತ್ತು!"

ನಿಜ ಹೇಳಬೇಕೆಂದರೆ ನನಗೆ ಅದು ತಕ್ಷಣ ತಲೆಗೆ ಹತ್ತಲಿಲ್ಲ. ನನ್ನ ಕಸುಬಿನಲ್ಲಿ ಗೆರೆಯೆಂದರೆ ಅಗೆದು ಹೋಗುವಂಥದು. ಅದರ ಮೇಲೆ ಕಲ್ಲು ಬೀಳುತ್ತದೆ, ಗೋಡೆ ಏಳುತ್ತದೆ, ಗೆರೆ ಇತ್ತೆಂಬುದನ್ನೇ ಎಲ್ಲರೂ ಮರೆಯುತ್ತಾರೆ. ಉಳಿಯುವ ಗೆರೆಯನ್ನು ಯಾರೂ ನನ್ನಿಂದ ಕೇಳಿರಲಿಲ್ಲ. ಮನೆಗೆ ಬಂದು ಹಾಗೇ ಮಲಗಿದೆ. ಕನಸಿನಲ್ಲಿ ಒಂದು ಆಕಳು ನೀರಿನ ಮೇಲೆ ಗೋಣಿಚೀಲ ಹಾಸಿಕೊಂಡು ನಡೆಯುತ್ತಿತ್ತು. ಎದ್ದು ಕುಳಿತು ಒಬ್ಬನೇ ನಕ್ಕೆ.

ಬೆಳಿಗ್ಗೆ ಶ್ವೇತಾಳಿಗೆ ಫೋನ್ ಮಾಡಿದರೆ, ಆಕೆಯೂ ನನಗೆ ಫೋನ್ ಮಾಡುವವಳಿದ್ದಳಂತೆ. ಹೊಳೆಯುವ ಟೈಲ್ಸಿನ ನಡುವೆ, ಬಾಗಿಲಿನಿಂದ ಅಡುಗೆಮನೆಯವರೆಗೆ ಒಂದು ಒರಟು ಕಲ್ಲಿನ ಪಟ್ಟಿ, ಎಡವದಂತೆ ನೆಲಕ್ಕೆ ಸಮನಾಗಿ. ಅಗಲ ಒಂದು ಮೊಳಕ್ಕೆ ತುಸು ಕಡಿಮೆ. ಇದರಲ್ಲಿ ಇಬ್ಬರೂ ಒಂದೇ. ಯಾವ ಕಲ್ಲು ಅನ್ನುವುದರಲ್ಲಿ ಜಗಳ. ಆಕೆ ಕರಿಕಲ್ಲು ಚಂದ ಅಂದಳು, ನಾನು ಶಹಾಬಾದಿ ಫರಸಿ ಅಂದೆ. ಕೊನೆಗೆ ನಾಲ್ಕೈದು ಬಗೆಯ ತುಂಡುಗಳನ್ನು ಉಸುಕಿನ ಮೇಲಿಟ್ಟು ಬಾಯಿಯವರನ್ನು ಕರೆಸಿದೆವು. ಅವರು ಒಂದೊಂದರ ಮೇಲೂ ನಿಂತು, ಪಾದ ತಿರುವಿ ತಿರುವಿ ನೋಡಿದರು.

"ಇದು ಚುಚ್ಚತದ. ಇದು ಮಲಕೊಂಡೇ ಬಿಟ್ಟದ, ಎಬ್ಬಿಸಿದ್ರ ಏಳಂಗಿಲ್ಲ." ನಾನೇ ಉಳಿಯಿಂದ ಟಾಕಿ ಹೊಡೆದು ಒರಟು ಮಾಡಿದ ಶಹಾಬಾದಿಯ ಮೇಲೆ ಬಂದಾಗ ನಿಂತರು. ಮುಖ ಒಂಚೂರು ಓರೆ ಮಾಡಿ, ಹಾಡು ಕಲಿಯಲು ಬಂದ ಹೊಸ ಹುಡುಗಿಯ ದನಿ ಕೇಳುವಂತೆ ಕೇಳಿದರು. "ಇದು ಮಾತಾಡ್ತದ. ಇದನ್ನ ಹಾಕ್ರಿ."

"ಏನಂತೈತ್ರಿ?" ಅಂದೆ.

"ಶ್ವೇತಾ ಸೋತ್ಳು ಅಂತದ."

ಶ್ವೇತಾಳೇ ಎಲ್ಲರಿಗಿಂತ ಜೋರಾಗಿ ನಕ್ಕಳು. ಪಟ್ಟಿ ಅಡುಗೆಮನೆಗೆ ತಿರುಗುವ ಕಡೆ ಟಾಕಿಯ ಏಟು ಅಡ್ಡಕ್ಕೆ ಹೊಡೆದರೆ ಪಾದಕ್ಕೆ ತಿರುವು ತಿಳಿಯುತ್ತದೆ ಎಂದು ಹೇಳಿದವಳೂ ಅವಳೇ. ಆ ಕಲ್ಲುಗಳಿಗೆಲ್ಲ ನಾನೇ ಕುಳಿತು ಟಾಕಿ ಹೊಡೆದೆ. ಮಂಡಿ ಆಗಲೇ ಸೋಲತೊಡಗಿತ್ತು, ಆದರೂ ಬೇರೆಯವರ ಕೈಗೆ ಕೊಡಲಿಲ್ಲ.

ಗೃಹಪ್ರವೇಶದ ದಿನ ಮೊದಲು ಆಕಳು ಬಂತು. ನಾನು ಮುಂಜಾಗ್ರತೆಗೆ ಗೋಣಿಚೀಲ ತರಿಸಿಟ್ಟಿದ್ದೆ. ಬೇಕಾಗಲಿಲ್ಲ. ಆಕಳು ಟೈಲ್ಸನ್ನು ನೋಡಿ ತಡೆಯಿತು, ಪಕ್ಕದ ಪಟ್ಟಿಯನ್ನು ಮೂಸಿತು, ಅದನ್ನೇ ಹಿಡಿದು ಒಳಗೆ ನಡೆಯಿತು. ಅದರ ಹಿಂದೆ ಸಿಂಧೂಬಾಯಿ. ಹೊಸ್ತಿಲಲ್ಲಿ ಗಿರೀಶ ಕೈ ಚಾಚಿದ್ದರು. ಅವರು ಆ ಕೈಯಲ್ಲಿ ತಮ್ಮ ಚಪ್ಪಲಿ ಕೊಟ್ಟರು. ಪಾದ ಕಲ್ಲನ್ನು ಹುಡುಕಿತು. ಆಮೇ‍ಲೆ ನಿಲ್ಲಲಿಲ್ಲ. ಎರಡಾಳೆತ್ತರದ ಸೂರಿನ ಕೆಳಗೆ, ಹೊಳೆಯುವ ಆ ನೀರಿನ ನಡುವೆ, ಕೈ ಬೀಸುತ್ತ ಹೋದರು. ನಡುವೆ ಒಂದು ಕಡೆ ಸಣ್ಣಗೆ ಒಂದು ಸ್ವರ ಹಿಡಿದರು, ಅದು ಮೇಲೆ ಹೋಗಿ ತಿರುಗಿ ಬರುವುದನ್ನು ಕೇಳಿದರು. ಅಡುಗೆಮನೆ ಮುಟ್ಟಿ, "ವಿದ್ಯಾ, ಒಂದು ಲೋಟ ನೀರು ನಾನೇ ತಗೋತೇನಿ, ನೀ ಸರಿ," ಅಂದರು.

ವಿದ್ಯಾ ಸರಿದು ನಿಂತರು. ಅಂದು ನಾನು ಆ ಮನೆಯ ಗೋಡೆ ನೋಡಲಿಲ್ಲ, ಆ ಹೆಣ್ಣುಮಗಳ ಮುಖವನ್ನಷ್ಟೇ ನೋಡಿದೆ.

ಮುಂದಿನದು ನಾನು ಎಣಿಸಿರದ ಸಂಗತಿ. ಊಟಕ್ಕೆ ಬಂದವರೆಲ್ಲ ಆ ಪಟ್ಟಿಯ ಫೋಟೋ ಹೊಡೆದುಕೊಂಡು ಹೋದರು. ಫೋನಿನಿಂದ ಫೋನಿಗೆ ಅದು ಊರೆಲ್ಲ ಸುತ್ತಿತು. ಶ್ವೇತಾಳನ್ನು ಮಂದಿ ಕೇಳತೊಡಗಿದರು: ಆ ಕಲ್ಲಿನ ಪಟ್ಟಿಯ ಡಿಸೈನ್ ನಮಗೂ ಬೇಕು. ಯಾಕೆ ಹಾಕಿದ್ದು, ಯಾರಿಗೆ ಹಾಕಿದ್ದು ಅನ್ನುವುದು ಅವರಿಗೆ ಗೊತ್ತಿಲ್ಲ. ಒಬ್ಬರು ಅದಕ್ಕೆ ಹಿತ್ತಾಳೆಯ ಅಂಚು ಕೊಡಿಸಿದರು. ಒಬ್ಬರ ಮನೆಯಲ್ಲಿ ಪಟ್ಟಿ ಪಡಸಾಲೆಯಲ್ಲಿ ಹುಟ್ಟಿ ಸೋಫಾದ ಕೆಳಗೆ ಸಾಯುತ್ತದೆ. ಅಷ್ಟರಲ್ಲಿ ನಾನು ಕೆಲಸ ಬಿಟ್ಟಿದ್ದೆ. ಕಟ್ಟೆಯ ಮೇಲೆ ಕುಳಿತು ಬೈಯುತ್ತಿದ್ದೆ: "ಎಲ್ಲಿಗೂ ಹೋಗಲಾರದ ದಾರಿ ಯಾಕ ಬೇಕು ಇವರಿಗೆ?"

ಹೋದ ದೀಪಾವಳಿಯ ನಂತರ ಅದೇ ಬಡಾವಣೆಯಲ್ಲಿ, ಗಿರೀಶರ ಮನೆಯಿಂದ ಸ್ವಲ್ಪ ಆಚೆ ಒಂದು ಗೃಹಪ್ರವೇಶ. ಶ್ವೇತಾ ತೆಗೆದ ನಕಾಶೆ, ನನ್ನನ್ನೂ ಕರೆದಿದ್ದಳು. ಅಲ್ಲಿಯೂ ಆ ಪಟ್ಟಿ ಇತ್ತು. ಬಾಗಿಲಿನಿಂದ ಹೊರಟು ನೇರವಾಗಿ ಎದುರಿನ ಗೋಡೆಗೆ ಹೋಗಿ ನಿಂತಿತ್ತು. ಗೋಡೆಯಲ್ಲಿ ಒಂದು ಮಾಡ, ಒಳಗೆ ಲೈಟು. ಬರೇ ಅಂದಕ್ಕೆ.

ನಾನು ಚಹಾ ಕುಡಿಯುತ್ತಿದ್ದಾಗ ವಿದ್ಯಾರ ಕೈ ಹಿಡಿದು ಸಿಂಧೂಬಾಯಿ ಬಂದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಪಾದ ಕೆಳಗಿಟ್ಟರು. ಅವರ ಮುಖ ಮೇಲೆದ್ದಿತು.

"ವಿದ್ಯಾ, ಇದು ನಮ್ಮ ಮನಿ ಅಲ್ಲಲಾ?"

"ಅಲ್ಲ ಅತ್ಯಾ. ಬ್ಯಾರೆಯವರ ಮನಿ."

"ಹಂಗಾದ್ರ ಕೈ ಬಿಡು."

ಹೊರಟೇಬಿಟ್ಟರು. ನಾನು ಲೋಟ ಕೆಳಗಿಟ್ಟು ಎದ್ದೆ. ಆ ದಾರಿ ಎಲ್ಲಿಗೂ ಹೋಗುವುದಿಲ್ಲ ಎಂದು ಅವರಿಗೆ ಹೇಗೆ ಹೇಳುವುದು? ಅವರು ಕೈ ಬೀಸುತ್ತ, ತಮ್ಮದೇ ಮನೆಯೆಂಬಂತೆ ನಡೆದು, ಕಲ್ಲು ಮುಗಿಯುವ ಕಡೆ ನಿಂತರು. ಕೈ ಚಾಚಿದರು. ಗೋಡೆ ಸಿಗಲಿಲ್ಲ. ಅಂಗೈ ಮಾಡದೊಳಗೆ ಹೋಯಿತು.

"ಇಲ್ಲೆ ಮಾಡ ಅದಲಾ. ಬೆಚ್ಚಗದ. ಏನಿಟ್ಟೀರಿ ಇದರಾಗ?"

ಮನೆಯೊಡತಿ ಓಡಿ ಬಂದಳು. "ಏನೂ ಇಟ್ಟಿಲ್ಲರಿ ಅಜ್ಜಿ. ಬರೇ ಲೈಟು."

"ಬರೇ ಬೆಳಕು ಇಟ್ಟಾರಂತ!" ಅಂದರು ಸಿಂಧೂಬಾಯಿ, ತಮಗೆ ತಾವೇ ಹೇಳಿಕೊಂಡಂತೆ. ಅಂಗೈಯನ್ನು ಅಲ್ಲೇ ಇಟ್ಟುಕೊಂಡಿದ್ದರು. ಬೆರಳ ಸಂದಿನಿಂದ ಆ ಬೆಳಕು ಕೆಂಪಗೆ ಹೊರಬರುತ್ತಿತ್ತು. "ದಾರಿ ಛಲೋ ಅದವಾ. ಅಡಗಿಮನಿ ಒಂದು ಮರತೀರಿ."

ಎಲ್ಲರೂ ನಕ್ಕರು. ಮನೆಯೊಡತಿ ನಗಲಿಲ್ಲ. ಆ ಪಟ್ಟಿಯನ್ನು ಆಕೆ ಆಗ ಮೊದಲ ಸಲ ನೋಡಿದಂತೆ ನೋಡುತ್ತ ನಿಂತಳು.

ಮರುದಿನ ಆಕೆ ಶ್ವೇತಾಳಿಗೆ ಫೋನ್ ಮಾಡಿ, ಆ ಕಲ್ಲನ್ನು ಅಡುಗೆಮನೆಯವರೆಗೆ ಒಯ್ಯಲಿಕ್ಕೆ ಬರುತ್ತದೆಯೇ ಎಂದು ಕೇಳಿದಳಂತೆ. ಆ ಅಜ್ಜಿ ಮತ್ತೆ ಬಂದರೆ ನೀರು ತಾವೇ ತೆಗೆದುಕೊಳ್ಳಲಿ ಎಂದು.

ಟೈಲ್ಸ್ ಕತ್ತರಿಸಲು, ಟಾಕಿ ಹೊಡೆಯಲು ಈಗ ಬೇರೆಯವರಿದ್ದಾರೆ. ಆದರೆ ಸುಣ್ಣದ ಡಬ್ಬಿಯನ್ನು ನಾನೇ ತೆಗೆದುಕೊಂಡು ಹೋದೆ. ಮಂಡಿ ಬಗ್ಗುವುದಿಲ್ಲ, ಒಂದು ಸ್ಟೂಲಿನ ಮೇಲೆ ಕುಳಿತು ಅದನ್ನೇ ಸರಿಸಿಕೊಳ್ಳುತ್ತ, ಮಾಡದಿಂದ ಅಡುಗೆಮನೆಯವರೆಗೆ ಗೆರೆ ಎಳೆದೆ. ಹೊಳೆಯುವ ಟೈಲ್ಸಿನ ಮೇಲೆ ಅದು ನೀರಿನ ಮೇಲೆ ಬರೆದಂತೆ ಕಂಡಿತು. ಎದ್ದು, ಚಪ್ಪಲಿಯಿಲ್ಲದ ಕಾಲನ್ನು ಅದರ ಮೇಲಿಟ್ಟು, ಕಣ್ಣು ಮುಚ್ಚಿಕೊಂಡು ನೋಡಿದೆ. ಹಿಟ್ಟಿನಂತಿತ್ತು.